ರೆಫರಿಯ ಮಾವ

ನೆಕ್ರಾಜೆ,
14-9-2025, ಆದಿತ್ಯವಾರ

ಪ್ರೀತಿಯ ಅಳಿಯ ಲೆಸ್ಟರನಿಗೆ,

ಈ ಕಾಗದವನ್ನು ನಾನು ಇಷ್ಟಪಟ್ಟು ಬರೆಯುತ್ತಿಲ್ಲ. ಪೂಜೆ ಮುಗಿಸಿ ಇಗರ್ಜಿಯಿಂದ ಬಂದು ಅಂಗಿ ಕೂಡ ಬಿಚ್ಚಿರಲಿಲ್ಲ, ನಿನ್ನ ಹೆಂಡತಿ ಡೈಸಿ ಮೇಜಿನ ಮೇಲೆ ನೋಟ್‌ಬುಕ್ಕು, ಪೆನ್ನು ತಂದಿಟ್ಟು ಎದುರು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಾಳೆ. ನಾನು ಬರೆದು ಮುಗಿಸುವವರೆಗೆ ಏಳುವುದಿಲ್ಲವಂತೆ. ಎಂಟು ತಿಂಗಳ ಬಸುರಿಗೆ ಬೈಯುವ ಹಾಗೂ ಇಲ್ಲ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರನಾಗಿದ್ದಾಗಲೂ ಟಿಕೇಟಿಗೆ ಗೀಟು ಹಾಕಿದ್ದು ಬಿಟ್ಟರೆ ಪೆನ್ನಿನ ಕೆಲಸ ಇರಲಿಲ್ಲ. ಮನೆಯಲ್ಲಿ ಕೊಂಕಣಿ ಮಾತಾಡಿದರೂ ಮೇಷ್ಟ್ರ ಬೆತ್ತ ನನಗೆ ಕಲಿಸಿದ್ದು ಕನ್ನಡ ಅಕ್ಷರ ಮಾತ್ರ, ತಪ್ಪಿದ್ದಲ್ಲಿ ತಿದ್ದಿ ಓದು. ಫೋನಿನಲ್ಲಿ ಐದು ನಿಮಿಷದ ಮಾತು ಇದು. ಆದರೆ ನಿನ್ನ ನಂಬ್ರವನ್ನು ಯಾರೋ ಹಂಚಿ ಊರಿಡೀ ನಿನಗೆ ಬೈಗುಳ ಕಳಿಸಿದ ಮೇಲೆ ನೀನು ಆ ಸಿಮ್ಮನ್ನೇ ತೆಗೆದಿಟ್ಟೆ. ದಿನಾ ಸಂಜೆ ಬಾಡಿಗೆ ಮನೆಯ ಯಜಮಾನನ ಫೋನಿನಿಂದ ಡೈಸಿಗೆ ಕರೆ ಮಾಡುತ್ತಿ. ನಾನು ಕೈಗೆ ತೆಗೆದುಕೊಂಡರೆ "ಆರಾಮ ಉಂಟಾ ಮಾವ, ಬಿಪಿ ಮಾತ್ರೆ ತಗೊಳ್ತೀರಲ್ಲ" ಎಂದು ಕೇಳಿ ಇಟ್ಟುಬಿಡುತ್ತಿ. ಆ ಒಂದು ವಾಕ್ಯ ಕೇಳಿದರೇ ನನ್ನ ಬಿಪಿ ಏರುತ್ತದೆ.

ನೀನು ಹೇಗಿದ್ದಿ? ಮೊಣಕಾಲಿನ ಬಾವು ಇಳಿಯಿತಾ? ತೃಶ್ಶೂರಿನಲ್ಲಿ ಬಿಸಿಲು ಹೆಚ್ಚು, ಶಾಲೆಯ ಮಕ್ಕಳನ್ನು ಓಡಿಸುವ ನೆಪದಲ್ಲಿ ನೀನು ಓಡಬೇಡ. ಡೈಸಿಗೆ ಕಾಲು ಸ್ವಲ್ಪ ಊದಿಕೊಂಡಿದೆ, ಸಕ್ಕರೆ ಇಲ್ಲ, ಮಗು ಚೆನ್ನಾಗಿ ಒದೆಯುತ್ತದಂತೆ. ಅಕ್ಟೋಬರ್ ಮೊದಲ ವಾರ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಅತ್ತೆ ರೆಜಿನಾ ಆರಾಮ. ನಾನು ಆರಾಮ ಇಲ್ಲ, ಯಾಕೆಂದು ಕೆಳಗೆ ಬರೆಯುತ್ತೇನೆ.

ಕಾಲೇಜು ಹುಡುಗಿಯರ ಫೈನಲ್ ಆಟದ ವಿಷಯ ನಿನಗೆ ಹೇಳಬೇಕಾಗಿಲ್ಲ, ರೆಫರಿ ನೀನೇ. ಆದರೆ ಆಟ ಮುಗಿದ ಕೂಡಲೇ ನೀನು ಮನೆಗೂ ಬಾರದೆ ಬ್ಯಾಗು ಹಿಡಿದು ರೈಲು ಹತ್ತಿದೆ. ಆಮೇಲೆ ಇಲ್ಲಿ ಆದದ್ದು ನಿನಗೆ ತಿಳಿಯದು. ಗಣೇಶಪ್ರಸಾದನ ಹೋಟೆಲಿನಲ್ಲಿ ಹದಿನೆಂಟು ದಿನಗಳಿಂದ ಬೇರೆ ಮಾತೇ ಇಲ್ಲ. ಬಾಸ್ಕೆಟ್‌ಬಾಲ್ ಎಂದರೆ ಕೈಯಲ್ಲಿ ಆಡುವುದೋ ಕಾಲಲ್ಲಿ ಆಡುವುದೋ ತಿಳಿಯದವರೆಲ್ಲ ಈಗ ರೆಫರಿಗಳು. ಬೆಂಚಿನ ಮೇಲೆ ಚಹಾ ಚೆಲ್ಲಿ ಬೆರಳಲ್ಲಿ ಕೋರ್ಟು ಬರೆಯುತ್ತಾರೆ. ಪ್ರವೀತ್ ಎಂಬವನು ಬುಟ್ಟಿಯ ಹಿಂದಿನ ಕಾಂಪೌಂಡು ಗೋಡೆ ಹತ್ತಿ ತೆಗೆದ ವಿಡಿಯೋ ಒಂದು ಉಂಟಲ್ಲ, ಅದರಲ್ಲಿ ಕಾಣುವುದು ನಿನ್ನ ಬೆನ್ನು, ಎದುರಿನಿಂದ ಚೆಂಡು ತಟ್ಟುತ್ತ ಓಡಿ ಬರುವ ನಮ್ಮ ಕಾಲೇಜಿನ ರಶ್ಮಿತಾ. ಆಚೆಯ ಕಣ್ಣೂರಿನ ತಂಡ ಐವತ್ತನಾಲ್ಕು, ನಾವು ಐವತ್ತಮೂರು, ಉಳಿದದ್ದು ಆರು ಸೆಕೆಂಡು. ಅವಳ ಮುಂದೆ ಒಬ್ಬರೂ ಇಲ್ಲ. ಆಗ ವಿಸಿಲು ಎರಡು ಸಲ ಕೇಳುತ್ತದೆ. ಹುಡುಗಿ ಗಕ್ಕನೆ ನಿಲ್ಲುತ್ತಾಳೆ. ನೀನು ಎರಡೂ ಕೈ ಬೀಸಿ ಆಡು, ಆಡು ಎನ್ನುತ್ತಿ. ಅವಳು ಎಸೆಯುವಷ್ಟರಲ್ಲಿ ಸಮಯ ಮುಗಿದ ಬಜರು. ಚೆಂಡು ಒಳಗೆ ಬಿತ್ತು, ನೀನು ಲೆಕ್ಕಕ್ಕಿಲ್ಲ ಎಂದು ಕೈ ಆಡಿಸಿದೆ. ಪಯ್ಯನ್ನೂರಿನ ಆ ಇನ್ನೊಬ್ಬ ರೆಫರಿಯ ವಿಸಿಲು ಎದೆಯ ಮೇಲೆ ನೇತಾಡುವುದು ಸರಿಯಾಗಿ ಕಾಣುತ್ತದೆ. ಆದ್ದರಿಂದ ಊದಿದ್ದು ನೀನು, ಊದಿ ಇಲ್ಲ ಎಂದದ್ದೂ ನೀನು. ಇದು ಊರಿನ ತೀರ್ಮಾನ.

ಬೆನ್ನು ಮಾತ್ರ ಕಾಣುವುದರಿಂದ ಜಗಳವೆಲ್ಲ ನಿನ್ನ ಕಿವಿಯ ಮೇಲೆ. "ಕಿವಿ ನೋಡು ಮಾರಾಯ, ಊದುವಾಗ ಕಿವಿ ಮೇಲೆ ಹೋಗ್ತದೆ." "ಅದು ಊದಿದ್ದಲ್ಲ, ಉಗುಳು ನುಂಗಿದ್ದು." "ಉಗುಳು ನುಂಗಿದ್ರೆ ಕಿವಿ ಯಾಕೆ ಹೋಗುದು? ನೀನು ನುಂಗು, ನೋಡುವಾ." ಕೂಡಲೇ ನಾಲ್ಕು ಜನ ಸಾಲಾಗಿ ಕೂತು ಉಗುಳು ನುಂಗುತ್ತಾರೆ, ಉಳಿದವರು ಹಿಂದೆ ನಿಂತು ಕಿವಿ ನೋಡುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡದ್ದು. ಒಬ್ಬನು ಹೇಳುತ್ತಾನೆ, "ಅವ ಊರಿನ ಅಳಿಯ ಅಲ್ವಾ, ನ್ಯಾಯವಂತ ಅಂತ ತೋರಿಸ್ಲಿಕ್ಕೆ ನಮ್ಮ ಕುತ್ತಿಗೆ ಕೊಯ್ದದ್ದು." ಇನ್ನೊಬ್ಬನು, "ಕುಂಜತ್ತೂರಿನವ ಅಲ್ವಾ, ಬಾರ್ಡರಿನವ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ಅವನಿಗೆ ಗೆರೆ ಎಲ್ಲಿ ಉಂಟು ಅಂತ ಹೇಗೆ ಗೊತ್ತಾಗುದು?" ಎಲ್ಲರೂ ನಗುತ್ತಾರೆ. ನಾನು ಮೂಲೆಯಲ್ಲಿ ಕೂತಿದ್ದೇನೆ ಎಂದು ಗೊತ್ತಿದ್ದೇ ನಗುತ್ತಾರೆ.

ನಾನು ಬಿಟ್ಟವನಲ್ಲ. ಗಣೇಶಪ್ರಸಾದ ಬಸ್‌ಸ್ಟಾಪಿನ ಹತ್ತಿರ ನಿನ್ನ ಫೋಟೋಕ್ಕೆ ಕೋಡು ಬರೆಸಿ ಫ್ಲೆಕ್ಸು ಕಟ್ಟಿಸಿದ. ಮರುದಿನ ಬೆಳಿಗ್ಗೆ ಆರು ಗಂಟೆಗೆ ನಾನು ಕತ್ತಿ ಹಿಡಿದು ಹೋಗಿ ಅದನ್ನು ನಾಲ್ಕು ಸೀಳು ಮಾಡಿದೆ. ಒಂದು ಸೀಳನ್ನು ಅವನ ಹೋಟೆಲಿನ ಬಾಗಿಲಿಗೇ ಸಿಕ್ಕಿಸಿ, ಅವನು ಷಟರು ತೆಗೆಯುವವರೆಗೆ ನಿಂತು, "ಕಟ್ಟಿಸಿದ್ದು ನೀನು, ಹರಿದದ್ದು ನಾನು, ಪೊಲೀಸಿಗೆ ಹೇಳ್ಲಿಕ್ಕೆ ಉಂಟಾದರೆ ಈಗಲೇ ಹೋಗು" ಎಂದೆ. ಹೋಗಲಿಲ್ಲ. ಪ್ರವೀತ್ ನಿನ್ನ ವಿಡಿಯೋಕ್ಕೆ ಕತ್ತೆ ಕೂಗುವ ಸ್ವರ ಸೇರಿಸಿ ಎಲ್ಲರಿಗೂ ಕಳಿಸಿದ. ಬುಧವಾರ ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಅವನು ಸಿಕ್ಕಿದ, ಜೊತೆಗೆ ಅವನು ಮದುವೆಗೆ ನೋಡಿಕೊಂಡಿರುವ ಹುಡುಗಿಯೂ ಇದ್ದಳು. ನಾನು ಬಸ್ಸಿಡೀ ಕೇಳುವ ಹಾಗೆ ಹೇಳಿದೆ, ಇವನಿಗೆ ಮೀಸೆ ಬಂದ ಮೇಲೂ ಅರ್ಧ ಟಿಕೇಟಿಗೋಸ್ಕರ ನನ್ನ ಮುಂದೆ ಮೊಣಕಾಲು ಮಡಚಿ ಕುಳ್ಳನಾಗಿ ನಿಲ್ಲುತ್ತಿದ್ದ, ಈಗ ಅವನು ನ್ಯಾಯ ಹೇಳುತ್ತಾನೆ ಎಂದು. ಅವನು ಕಾಸರಗೋಡು ಬರುವ ಮೊದಲೇ ಇಳಿದ. ಮೂವತ್ತನಾಲ್ಕು ವರ್ಷ ಆ ಲೈನಿನಲ್ಲಿ ಬಾಗಿಲಿಗೆ ಆತು ನಿಂತವನು ನಾನು, ಈ ಊರಿನಲ್ಲಿ ಯಾರು ಎಲ್ಲಿ ಬಗ್ಗಿದ್ದಾರೆ ಎಂಬುದೆಲ್ಲ ನನಗೆ ಗೊತ್ತು. ಇನ್ನೂ ಹನ್ನೊಂದು ಜನ ಬಾಕಿ ಇದ್ದಾರೆ.

ನಮ್ಮ ಕಾಲೇಜು ತಂಡದ ಕೋಚು ಅಶ್ವಿತ್ ಮಾತ್ರ ಮನೆಗೇ ಬಂದ. ನಿನ್ನ ಮೇಲೆ ಕಮಿಟಿಗೆ ದೂರು ಬರೆದವನು ಅವನೇ. ಮೆತ್ತಗೆ ಮಾತಾಡುತ್ತಾನೆ, ಅಂಥವರನ್ನು ಕಂಡರೆ ನನಗಾಗುವುದಿಲ್ಲ. "ನಮಗೆ ಲೆಸ್ಟರಣ್ಣನ ಮೇಲೆ ದ್ವೇಷ ಎಂತ ಇಲ್ಲ ಅಂಕಲ್. ರೂಲು ಹಾಗೆ ಉಂಟು. ತಪ್ಪು ರೆಫರಿದು ಅಂತ ಆದರೆ ಮರುಪಂದ್ಯ ಸಿಗ್ತದೆ. ಹೊರಗಿನವರು ಯಾರೋ ಊದಿದ್ದು ಅಂತ ಆದರೆ ಸೋತದ್ದು ಸೋತದ್ದೇ. ನಮ್ಮ ಮಕ್ಕಳ ಭವಿಷ್ಯ ಅಲ್ವಾ." ಅಂದರೆ ನಿನ್ನ ರೆಫರಿ ಕಾರ್ಡು ಹೋದರೂ ಅಡ್ಡಿಯಿಲ್ಲ, ಆಟ ಇನ್ನೊಮ್ಮೆ ಆಗಬೇಕು. ಇಪ್ಪತ್ತಾರನೇ ತಾರೀಕಿಗೆ ಕೋಝಿಕ್ಕೋಡಿನಲ್ಲಿ ಕಮಿಟಿಯ ವಿಚಾರಣೆ, ನೀನು ತಪ್ಪಿತಸ್ಥ ಎಂದರೆ ಎರಡು ವರ್ಷ ನಿನಗೆ ಆಟ ನಡೆಸಲಿಕ್ಕಿಲ್ಲ, ನವೆಂಬರಿನ ನ್ಯಾಷನಲ್ ರೆಫರಿ ಪರೀಕ್ಷೆಗೂ ಕೂರಲಿಕ್ಕಿಲ್ಲ ಎಂದು ಅವನ ಬಾಯಿಂದಲೇ ತಿಳಿದದ್ದು. ನೀನಂತೂ ನಮಗೆ ಹೇಳಿದವನಲ್ಲ. ಅವನು ಅರ್ಧ ಕುಡಿದಿದ್ದ ಚಹಾದ ಗ್ಲಾಸನ್ನು ನಾನು ಅವನ ಕೈಯಿಂದ ತೆಗೆದು ಒಳಗೆ ಇಟ್ಟೆ. ರೆಜಿನಾ ನಾಚಿಕೆಯಿಂದ ಅಡುಗೆಮನೆ ಸೇರಿದಳು. ಅಶ್ವಿತ್ ಎದ್ದು ಹೋದ.

ಇನ್ನು ನನಗೂ ನಿನಗೂ ಗೊತ್ತಿರುವ ವಿಷಯ. ಊದಿದವನು ನಾನು.

ನನ್ನ ಕುತ್ತಿಗೆಯಲ್ಲಿ ಸಂತ ಅಂತೋನಿಯ ಪದಕದ ಜೊತೆ ಆ ಪಿತ್ತಾಳೆಯ ವಿಸಿಲು ಈಗಲೂ ಇದೆ, ಕೆಲಸ ಬಿಟ್ಟು ಆರು ವರ್ಷವಾದರೂ ತೆಗೆದಿಲ್ಲ. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ನಮ್ಮ ನೆರೆಮನೆಯ ಅಕ್ಕುವಿನ ಮೊಮ್ಮಗಳು, ಆ ರಶ್ಮಿತಾ, ಚೆಂಡು ಕಸಿದು ಒಬ್ಬಳೇ ಓಡುವುದನ್ನು ಕಂಡಾಗ ನಾನು ಗ್ಯಾಲರಿಯ ಮೆಟ್ಟಿಲಿನ ಮೇಲೆ ಎದ್ದು ನಿಂತಿದ್ದೆ. ದಾರಿ ಖಾಲಿ ಇದೆ, ಹೋಗು ಎಂದು ನನ್ನ ಜೀವ ಹೇಳಿತು, ಬಾಯಿ ಎರಡು ಸಲ ಊದಿತು. ನಾನು ಅವಳನ್ನು ನಿಲ್ಲಿಸಲು ಊದಿದ್ದಲ್ಲ, ಹೊರಡಿಸಲು ಊದಿದ್ದು. ಅಲ್ಲಿ ಒಂದೇ ಆಗಲಿ ಎರಡೇ ಆಗಲಿ, ವಿಸಿಲು ಎಂದರೆ ನಿಲ್ಲುವುದು ಎಂದು ಆ ಕ್ಷಣದಲ್ಲಿ ಯಾರಿಗೆ ನೆನಪಾಗುತ್ತದೆ? ನೀನು ತಲೆಯೆತ್ತಿ ನೇರ ನನ್ನ ಕಡೆ ನೋಡಿದೆ. ನಿಮ್ಮ ಹೊಸ ವಿಸಿಲಿನೊಳಗೆ ಕಾಳು ಇಲ್ಲ, ನನ್ನದರಲ್ಲಿ ಇದೆ, ಅದರ ಸ್ವರ ಗಂಟಲಿಗೆ ನೀರು ಹಾಕಿ ಮುಕ್ಕಳಿಸಿದ ಹಾಗೆ. ನಿನಗೆ ಆಗಲೇ ತಿಳಿಯಿತು. ಮೆಟ್ಟಿಲಿನಲ್ಲಿ ಇನ್ನೂರು ಜನ ಅರಚುತ್ತಿದ್ದರಿಂದ ನನ್ನ ಪಕ್ಕದವನಿಗೂ ಗೊತ್ತಾಗಲಿಲ್ಲ. ನೀನು ಒಮ್ಮೆ ನೋಡಿ ಮುಖ ತಿರುಗಿಸಿದೆ, ಆಮೇಲೆ ಈವರೆಗೆ ತಿರುಗಿಸಿದ ಮುಖ ತಿರುಗಿಸಿದ್ದೇ.

ಡೈಸಿಗೆ ನಾನು ಹೇಳಿರಲಿಲ್ಲ. ಆ ವಿಡಿಯೋವನ್ನು ಅವಳು ನೋಡಿರಲಿಲ್ಲ, ನೋಡಬೇಡ ಎಂದು ನೀನೇ ಹೇಳಿದ್ದಿಯಂತೆ. ನಿನ್ನೆ ಯಾರೋ ಕಳಿಸಿದ್ದು ಅವಳ ಫೋನಿನಲ್ಲಿ ತಾನಾಗಿ ಶುರುವಾಯಿತು. ಪಾತ್ರೆ ತೊಳೆಯುತ್ತಿದ್ದಳು, ತೆರೆಯ ಕಡೆ ನೋಡಲೂ ಇಲ್ಲ, ಕೇಳಿದ್ದು ಮಾತ್ರ. ಚಿಕ್ಕವಳಿದ್ದಾಗ ಸಂಜೆ ನಮ್ಮ ಬಸ್ಸು ಕೆಳಗಿನ ತಿರುವು ಬಿಡುವಾಗ ಆ ಡಬಲ್ ವಿಸಿಲು ಕೇಳಿ ಗೇಟಿನ ಹತ್ತಿರ ಓಡಿ ಬಂದು ನಿಲ್ಲುತ್ತಿದ್ದವಳು ಅವಳು. ಕೈ ಒರೆಸಿಕೊಂಡು ಬಂದು ನನ್ನ ಮುಂದೆ ನಿಂತು, "ಪಪ್ಪಾ, ಇದು ನಮ್ಮ ಬಸ್ಸಿನದ್ದು" ಎಂದಳು. ಆಮೇಲೆ ಇವತ್ತು ಈ ನೋಟ್‌ಬುಕ್ಕು.

ಈಗ ನಿನ್ನ ಸರದಿ. ನೀನು ಸುಮ್ಮನಿದ್ದು ಮಾವನ ಮಾನ ಉಳಿಸಿದೆ ಎಂದು ನೆನೆಸಿಕೊಂಡಿದ್ದರೆ ಆ ಯೋಚನೆ ಬಿಡು. ಐದು ವರ್ಷದ ಹಿಂದೆ ನಿನ್ನ ಅಪ್ಪ ಅಮ್ಮ ಹೆಣ್ಣು ಕೇಳಲು ಬಂದಾಗ, "ಚಡ್ಡಿ ಹಾಕಿ ವಿಸಿಲ್ ಊದುವವನಿಗೆ ನನ್ನ ಮಗಳನ್ನು ಕೊಡುದಾ" ಎಂದು ನಾನು ಕೇಳಿದ್ದೆ. ಆಗ ನನ್ನ ಅಂಗಿಯ ಹೊರಗೇ ವಿಸಿಲು ನೇತಾಡುತ್ತಿತ್ತು. ನಿನ್ನ ಅಮ್ಮ ಅದನ್ನು ನೋಡಿದರು, ನೀನೂ ನೋಡಿದೆ, ಯಾರೂ ನಗಲಿಲ್ಲ. ನೀನು ತಲೆ ತಗ್ಗಿಸಿ ಕಾಫಿ ಕುಡಿದೆ. ಆ ದಿನದ ಮಾತಿಗೆ ನೀನು ಈಗ ಸೇಡು ತೀರಿಸುತ್ತಿದ್ದಿ ಎಂದೇ ನಾನು ತಿಳಿದಿದ್ದೇನೆ. ಬೈದರೆ ನಾನು ತಿರುಗಿ ಬೈಯಬಲ್ಲೆ. ಫ್ಲೆಕ್ಸು ಕಟ್ಟಿದರೆ ಹರಿಯಬಲ್ಲೆ. ಸುಮ್ಮನಿರುವವನನ್ನು ಏನು ಮಾಡುವುದು? ನಿನಗೆ ಬಿದ್ದ ಒಂದೊಂದು ಬೈಗುಳವೂ ನನಗೆ ಸೇರಬೇಕಾದದ್ದು, ಅದನ್ನು ಹದಿನೆಂಟು ದಿನ ಹೋಟೆಲಿನ ಮೂಲೆಯಲ್ಲಿ ಕೂತು ನಿನ್ನ ಹೆಸರಲ್ಲಿ ಕೇಳಿದ್ದೇನೆ. ಇದಕ್ಕಿಂತ ನೀನು ಮೈಕಿನಲ್ಲಿ ನನ್ನ ಹೆಸರು ಕೂಗಿದ್ದರೆ ನಾನು ನಿನ್ನನ್ನು ಗಂಡಸು ಎನ್ನುತ್ತಿದ್ದೆ. ನಾನು ಕೇಳಿದೆನಾ ನಿನ್ನ ಉಪಕಾರ?

ಇವರಿಗೂ ನಿನಗೂ ಒಟ್ಟಿಗೇ ಬುದ್ಧಿ ಕಲಿಸುತ್ತೇನೆ ಎಂದು ಮೊನ್ನೆ ಶುಕ್ರವಾರ ಬೆಳಿಗ್ಗೆ ಹೋಟೆಲಿಗೆ ಹೋದೆ. ಪ್ರವೀತ್ ಬಿಟ್ಟು ಎಲ್ಲರೂ ಇದ್ದರು. ನಡುವೆ ನಿಂತು, "ಕಿವಿ ನೋಡಿದ್ದು ಸಾಕು, ಊದಿದ್ದು ನಾನು" ಎಂದೆ. ನಂಬದಿದ್ದರೆ ಕೇಳಿ ಎಂದು ವಿಸಿಲು ತೆಗೆದು ಎರಡು ಸಲ ಊದಿ ತೋರಿಸಿದೆ. ಹೊರಗೆ ಸ್ಟಾಪಿನಲ್ಲಿ ನಿಂತಿದ್ದ ಎಂಟೂವರೆಯ ಬಸ್ಸು ಹೊರಟೇ ಹೋಯಿತು. ಅದರ ಕಂಡಕ್ಟರು ನನ್ನ ಪಕ್ಕದಲ್ಲೇ ಗೋಳಿಬಜೆ ತಿನ್ನುತ್ತಿದ್ದ, ಚಟ್ನಿಯ ಕೈಯಲ್ಲೇ "ಹೋಯ್, ಹೋಯ್" ಎಂದು ಹಿಂದಿನಿಂದ ಓಡಿದ. ಹೋಟೆಲಿಗೆ ಹೋಟೆಲೇ ಬಿದ್ದು ಬಿದ್ದು ನಕ್ಕಿತು. ನಗು ಮುಗಿದ ಮೇಲೆ ಗಣೇಶಪ್ರಸಾದ, ಅದೇ ಫ್ಲೆಕ್ಸಿನ ಗಣೇಶಪ್ರಸಾದ, ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. "ಗಿಲ್ಬರ್ಟಣ್ಣ, ನಮಗೆ ಅರ್ಥ ಆಗ್ತದೆ. ಅಳಿಯನ ಮಾನಕ್ಕೋಸ್ಕರ ತನ್ನ ತಲೆ ಕೊಡುವ ಮಾವ ಎಲ್ಲಿ ಸಿಗುದು ಈಗಿನ ಕಾಲದಲ್ಲಿ? ಮಗಳು ಬೇರೆ ಬಸುರಿ." ಒಬ್ಬನು ಕಣ್ಣು ಒರೆಸಿಕೊಂಡ. ನನಗೆ ಒಂದು ಚಹಾ, ಎರಡು ಬನ್ಸು ತಂದಿಟ್ಟರು. ಲೆಸ್ಟರ್, ನನ್ನ ಎಪ್ಪತ್ತೊಂದು ವರ್ಷದಲ್ಲಿ ಯಾರೂ ನನಗೆ ಇಷ್ಟು ದೊಡ್ಡ ಅವಮಾನ ಮಾಡಿರಲಿಲ್ಲ. ಹೌದು ಎಂದರೂ ನಂಬುವುದಿಲ್ಲ, ಆಣೆ ಹಾಕಿದರೆ ಇನ್ನಷ್ಟು ಕರಗುತ್ತಾರೆ. ನಾನು ಬನ್ಸು ಮುಟ್ಟಲಿಲ್ಲ.

ಆದ್ದರಿಂದ ನನ್ನೊಬ್ಬನ ಕಾಗದವನ್ನು ಕಮಿಟಿಯವರೂ ನಂಬಲಿಕ್ಕಿಲ್ಲ. ಮಾವ ಅಳಿಯನಿಗಾಗಿ ಬರೆದದ್ದು ಎಂದು ಬದಿಗಿಡುತ್ತಾರೆ. ನೀನು ಬರೆಯಬೇಕು. ವಿಸಿಲು ಎಲ್ಲಿಂದ ಬಂತು, ಯಾರ ಕಡೆ ನೋಡಿದೆ, ಯಾವ ಸ್ವರ, ಯಾರ ಕುತ್ತಿಗೆಯದ್ದು, ಎಲ್ಲ. ನೆಕ್ರಾಜೆಯ ಗಿಲ್ಬರ್ಟ್ ಕ್ರಾಸ್ತಾ, ನನ್ನ ಹೆಂಡತಿಯ ತಂದೆ ಎಂದು ಪೂರ್ತಿ ಹೆಸರು ಹಾಕು. ನನಗೇನು ಆಗುತ್ತದೆ ಎಂದು ನೀನು ಲೆಕ್ಕ ಹಾಕಬೇಡ. ಮೈದಾನಕ್ಕೆ ಬರಬಾರದು ಎನ್ನಬಹುದು, ಊರು ಉಗಿಯಬಹುದು. ಉಗಿಯಲಿ, ನನಗೂ ಬಾಯಿ ಇದೆ. ಆ ಹೋಟೆಲಿನ ಬೆಂಚಿನ ಮೇಲೆ ನಿನ್ನ ಕಾಗದವನ್ನು ಅಂಟಿಸಿ, ಒಬ್ಬೊಬ್ಬನನ್ನೂ ಕರೆದು ಗಟ್ಟಿಯಾಗಿ ಓದಿಸುತ್ತೇನೆ. ಅದನ್ನು ನೋಡದೆ ನನಗೆ ನಿದ್ದೆ ಬರುವುದಿಲ್ಲ.

ಒಂದೇ ಒಂದು ಮನೆಯ ಮುಂದೆ ಹೋಗಲು ಮಾತ್ರ ನನಗೆ ಕಾಲು ಬರುತ್ತಿಲ್ಲ. ನೀನು ನನ್ನ ಹೆಸರು ಬರೆದರೆ ಮರುಪಂದ್ಯ ಇಲ್ಲ. ಅಕ್ಕು ಬೀಡಿ ಕಟ್ಟಿ ಸಾಕಿದ ಹುಡುಗಿ ಅದು. ಇಗರ್ಜಿಗೆ ಹೋಗುವಾಗ ಅವರ ಅಂಗಳ ದಾಟಬೇಕು, ಈಗ ನಾನು ಸುತ್ತು ಬಳಸಿ ಹೋಗುತ್ತೇನೆ.

ತೆನೆಹಬ್ಬದ ದಿನ ನಿನ್ನ ಎಲೆ ಹಾಕಿದ್ದೆವು. ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆನೆಯಲ್ಲಿ ನಿನ್ನ ಪಾಲಿನ ಹೊಸ ಅಕ್ಕಿಯನ್ನು ನಿನ್ನ ಅತ್ತೆ ಕಾಗದದಲ್ಲಿ ಮಡಚಿ ಇದರೊಳಗೆ ಇಟ್ಟಿದ್ದಾಳೆ. ನಾನು ಬೇಡ ಎಂದೆ, ಅವಳು ಕೇಳಲಿಲ್ಲ. ಪಾಯಸಕ್ಕೆ ಹಾಕಿ ತಿನ್ನು. ಕುಂಜತ್ತೂರಿನಲ್ಲಿ ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಅಮ್ಮನಿಗೆ ಆ ದಿನದ ಮಾತಿನ ಬಗ್ಗೆ ನಾನೇ ಹೋಗಿ ಹೇಳುತ್ತೇನೆ, ನೀನು ನಡುವೆ ಬರಬೇಡ. ದೇವರು ನಿನ್ನ ಮೊಣಕಾಲು ಗುಣಪಡಿಸಲಿ, ನಾಲಗೆಯನ್ನೂ ಸ್ವಲ್ಪ ಸಡಿಲ ಮಾಡಲಿ.

ನಿನ್ನ ಮಾವ,
ಗಿಲ್ಬರ್ಟ್ ಕ್ರಾಸ್ತಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ರಶ್ಮಿತಾ ಬಂದಳು. ಪುನಃ ಬಿಡಿಸಿ ಬರೆಯುತ್ತಿದ್ದೇನೆ, ಅಕ್ಷರ ಓಡುತ್ತಿದೆ. ಹೋಟೆಲಿನಲ್ಲಿ ನಾನು ಹೇಳಿದ್ದನ್ನು ಯಾರೋ ತಮಾಷೆಗೆಂದು ಅವಳಿಗೆ ಹೇಳಿದರಂತೆ. ಇಡೀ ಊರಿನಲ್ಲಿ ನಂಬಿದವಳು ಅವಳೊಬ್ಬಳು. ಒಳಗೆ ಬರಲಿಲ್ಲ, ಮೆಟ್ಟಿಲಿನಲ್ಲೇ ನಿಂತು ಕೇಳಿದಳು, "ಅಜ್ಜಾ, ಸದ್ದು ಬಂದದ್ದು ನನ್ನ ಹಿಂದಿನಿಂದ. ಲೆಸ್ಟರ್ ಸರ್ ನನ್ನ ಎದುರು ಇದ್ದರು. ನಾನು ನಿಂತು ಹಿಂದೆ ತಿರುಗಿದ್ದು ವಿಡಿಯೋದಲ್ಲೇ ಉಂಟು. ಎಲ್ಲರೂ ಸರ್‌ನ ಕಿವಿ ನೋಡಿದ್ರು, ನನ್ನ ಕುತ್ತಿಗೆ ಯಾರೂ ನೋಡ್ಲಿಲ್ಲ. ನಿಮಗೆ ಯಾಕೆ ಬೇಕಿತ್ತು ಊದ್ಲಿಕ್ಕೆ?" ನೀನು ಊದಿದ್ದಲ್ಲ ಎಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತಂತೆ, ಮರುಪಂದ್ಯದ ಆಸೆಗೆ ಬಾಯಿ ಮುಚ್ಚಿದ್ದಳಂತೆ, ಅಶ್ವಿತ್ ಹಾಗೆ ಹೇಳಿದ್ದನಂತೆ. ಈಗ ಕಮಿಟಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾಳೆ, ನಾಳೆ ರಿಜಿಸ್ಟರ್ ಮಾಡುತ್ತಾಳೆ. ಡೈಸಿ ಕೊಟ್ಟ ಚಹಾ ಮುಟ್ಟಲಿಲ್ಲ, ನನ್ನ ಮುಖ ನೋಡದೆ ಹೋದಳು. ಊದಿದವನನ್ನು ಅವಳು ಕಣ್ಣಾರೆ ಕಂಡಿಲ್ಲ, ಅವಳ ಕಾಗದವೊಂದೇ ಹೋದರೆ ಯಾರೋ ಹೊರಗಿನವನು ಎಂದು ಮುಗಿಯುತ್ತದೆ, ಹುಡುಗಿಗೆ ನೀನು ಕಾಸು ಕೊಟ್ಟೆ ಎಂದೂ ಹೋಟೆಲು ಹೇಳುತ್ತದೆ. ಆಟ ಕಳಕೊಂಡ ಹತ್ತೊಂಬತ್ತು ವರ್ಷದ ಹುಡುಗಿ ಬರೆದಳು. ಇನ್ನು ಸುಮ್ಮನಿರುವವನು ನೀನೊಬ್ಬ. ನನ್ನ ಹೆಸರು ಬರೆಯುತ್ತೀಯೋ ಇಲ್ಲವೋ, ಹೌದು ಅಥವಾ ಇಲ್ಲ. ಸೋಮವಾರ ಇಪ್ಪತ್ತೆರಡನೇ ತಾರೀಕಿನೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿ ಇರಬೇಕು.